ರೆಫರಿಯೇ ಬಿದ್ದ ಫೈನಲ್

ಶಹಾಬಾದದ ಮೈದಾನದಲ್ಲಿ ನಡೆದ ಫುಟ್‌ಬಾಲ್ ಫೈನಲ್‌ಗೆ ನಾನೇ ರೆಫರಿ. ವಾಡಿ ತಂಡದವರು ಹೈದರಾಬಾದಿನ ಕ್ಲಬ್ಬಿನಲ್ಲಿ ಆಡುವ ಸೇಡಂನ ರವಿಯನ್ನು ಕರೆಸಿಕೊಂಡಿದ್ದರು. ಆಟ ಸಮಸಮ ನಡೆದಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ರವಿ ಗೋಲಿನ ಮುಂದೆ ಚೀರಿಕೊಂಡು ಬಿದ್ದು, ಮೊಣಕಾಲು ಹಿಡಿದು ಉರುಳಾಡತೊಡಗಿದ. ನಾನು ಸೀಟಿ ಊದಿ ಪೆನಾಲ್ಟಿ ಕೊಟ್ಟುಬಿಟ್ಟೆ.

"ನಾ ಮುಟ್ಟೇ ಇಲ್ಲರಿ ಸರ್!" ಎಂದು ಶಹಾಬಾದದ ಡಿಫೆಂಡರ್ ಸಲೀಂ ಓಡಿಬಂದ.

"ನನ್ನ ಕಣ್ಣಿಗೆ ಮಣ್ಣೆರಚೋದು ಸಾಧ್ಯ ಇಲ್ಲ" ಎಂದು ಗತ್ತಿನಿಂದ ಹಿಂದೆ ಸರಿಯಹೋದೆ. ಕಾಲು ಉಳುಕಿ ಧಡಕ್ಕನೆ ಬಿದ್ದೆ. ನೋವಿಗೆ ಚೀರಲೂ ಆಗಲಿಲ್ಲ.

ಸಲೀಂ ಎರಡೂ ಕೈ ಮೇಲೆತ್ತಿ, "ಇವರಿಗೂ ನಾ ಮುಟ್ಟಿಲ್ಲರಿ!" ಎಂದು ಕೂಗಿದ.

ಜನ ಕೇಕೆ ಹಾಕಿದರು. "ಏಳ್ರಿ ಸರ್, ನಾಟಕ ಸಾಕು! ನಿಮಗ ಪೆನಾಲ್ಟಿ ಯಾರು ಕೊಡ್ತಾರ?"

ನನ್ನನ್ನು ನಂಬಿದವನು ರವಿ ಒಬ್ಬನೇ. ಉರುಳಾಡುತ್ತಿದ್ದವನು ಚಂಗನೆ ಎದ್ದು ಓಡಿಬಂದು ನನ್ನ ಬೂಟು ಬಿಚ್ಚಿದ. "ನಗಬ್ಯಾಡ್ರಿ, ಇವರು ಖರೇನ ಬಿದ್ದಾರ" ಎಂದು ಎಲ್ಲರನ್ನೂ ಗದರಿದ.

"ನಿನಗ ಹೆಂಗ ಗೊತ್ತಾತಪ್ಪ?" ಎಂದೆ.

"ಖರೇ ಪೆಟ್ಟಾದವರು ಇಷ್ಟು ಸುಮ್ಮನ ಬೀಳ್ತಾರ್ರಿ. ನಾವಾದ್ರ ಮೊದಲು ಚೀರ್ತೀವಿ, ಆಮ್ಯಾಲ ಬೀಳ್ತೀವಿ" ಎಂದವನು ತುಟಿ ಕಚ್ಚಿಕೊಂಡ. ಕುಂಟುವುದು ಅವನಿಗೆ ಆಗ ನೆನಪಾಯಿತು, ಆದರೆ ಯಾವ ಕಾಲು ಎನ್ನುವುದು ಮರೆತುಹೋಗಿತ್ತು.

ಪೆನಾಲ್ಟಿ ರದ್ದು ಮಾಡಿದೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದವನ ಹೆಗಲಿಗೇ ಜೋತುಬಿದ್ದು, ಅವನಿಗೇ ಹಳದಿ ಕಾರ್ಡು ತೋರಿಸಿದೆ.

"ಸಾವಕಾಶ ತೋರಸ್ರಿ ಸರ್" ಎಂದ ರವಿ, "ಮತ್ತ ಬಿದ್ದೀರಿ."