ಎಡಗಡೆಯ ಗಾಜು

ಬಸ್ ನಿಲ್ದಾಣದಲ್ಲಿ ಆಕೆಗೆ ಮೈಕಮ್ಮ ಅಂತಲೇ ಹೆಸರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ಎಷ್ಟು ತಡ, ಯಾರ ಮಗು ಕಳೆದುಹೋಗಿ ಕಂಟ್ರೋಲರ್ ರೂಮಿನಲ್ಲಿ ಅಳುತ್ತ ಕೂತಿದೆ ಎಂಬುದನ್ನೆಲ್ಲ ಹತ್ತೊಂಬತ್ತು ವರ್ಷಗಳಿಂದ ಮೈಕಿನಲ್ಲಿ ಹೇಳುತ್ತ ಬಂದವಳು. ದನಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದನಿಗೊಂದು ಮುಖವೂ ಇದೆ ಎಂದು ತಲೆ ಕೆಡಿಸಿಕೊಂಡವರು ಯಾರೂ ಇಲ್ಲ. ಅವಳ ರೂಮು ಮೆಟ್ಟಿಲ ಕೆಳಗಿನದು. ಒಂದು ಮೇಜು, ಒಂದು ಮೈಕು, ಗೋಡೆಗೆ ಅಂಟಿಸಿದ ವೇಳಾಪಟ್ಟಿ, ಕಿರ್ರೆನ್ನುವ ಫ್ಯಾನು. ಕಿಟಕಿಯೇನೋ ಇದೆ, ಅದರಾಚೆ ಕಾಣುವುದು ಶೌಚಾಲಯದ ಗೋಡೆ.

ಮನೆಯಲ್ಲೂ ಅದೇ ಕಥೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ದಿನವಿಡೀ ಸಾವಿರಾರು ಜನರಿಗೆ ದಾರಿ ಹೇಳಿ ಬಂದವಳು ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಗಾಗುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿ ಯಾರಿಗೆ ಹೇಳಬೇಕು, ಹಾಲಿನ ಪಾತ್ರೆಗೆ? ಹದಿನೈದು ದಿನಕ್ಕೊಮ್ಮೆ ಮಾತ್ರ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಗೆ ಹೋಗುವಳು. ಎಡಗಡೆ ಗಾಜು ಬೇಗ ಕೊಳೆಯಾಗುತ್ತದೆ ಎಂಬುದು ಅವಳ ಹಳೆಯ ದೂರು. ಎಷ್ಟು ಒರೆಸಿದರೂ ಎರಡೇ ದಿನಕ್ಕೆ ಮತ್ತೆ ಜಿಡ್ಡು. ಅಂಗಡಿಯ ಯಜಮಾನ ಕನ್ನಡಕ ತೆಗೆದುಕೊಂಡು, ತೊಳೆದು, ಅದೇನೋ ಸರಿಮಾಡಿ, ತಾನೇ ಅವಳ ಮುಖಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಇಷ್ಟಕ್ಕೆ ಐದು ನಿಮಿಷ ಹಿಡಿಯುತ್ತಿತ್ತು.

ಒಂದು ಸೋಮವಾರ ಬೆಳಗ್ಗೆ ಅವಳ ಮಾತು ನಂಬಿ ನಲವತ್ತು ಜನ ಗಂಟುಮೂಟೆ ಎತ್ತಿಕೊಂಡು ಎರಡನೇ ಪ್ಲಾಟ್‌ಫಾರಂನಿಂದ ಆರಕ್ಕೆ ಓಡಿದರು. ಬಸ್ಸು ಎರಡಕ್ಕೇ ಬಂದು, ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೊರಟೂ ಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲ ತಪ್ಪು. ಕಂಟ್ರೋಲರ್ ಕೆಂಡ ಕಾರುತ್ತ ಬಂದ.

“ಏನಮ್ಮಾ ಇದು, ನೀವೂ ಹೀಗೆ ಮಾಡಿದ್ರೆ ಹೇಗೆ?”

“ಪಟ್ಟೀಲಿ ಎಲ್ಲಾ ಎರಡೆರಡು ಕಾಣ್ತಿದೆ ಸಾರ್. ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿ ಕೂತಿದೆ.”

ಬೈಯಲು ಬಂದವನು ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ದನಿ ತಗ್ಗಿಸಿ, “ನಿಮ್ಮ ಎಡಗಣ್ಣು ಮೊದಲಿಂದ್ಲೂ ಹೀಗೇನಾ? ಮುಂದಕ್ಕೆ ಬಂದ ಹಾಗಿದೆ,” ಎಂದ.

ಅವಳಿಗೆ ಗೊತ್ತಿರಲಿಲ್ಲ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಮಗಳಂತಿದ್ದರೂ ಮಾತಿನಲ್ಲಿ ಅಜ್ಜಿಯೇ. ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಿಡಿಸಿ ಹೇಳಿದಳು.

“ಹುಬ್ಬಿನ ಕೆಳಗೆ, ಹೊರಮೂಲೇಲಿ, ಕಣ್ಣೀರು ಮಾಡೋ ಗ್ರಂಥಿ ಇರತ್ತಮ್ಮ. ಅಲ್ಲೊಂದು ಗಡ್ಡೆ ಬೆಳೆದು ಕಣ್ಣನ್ನ ಮುಂದಕ್ಕೆ ತಳ್ತಿದೆ. ಇದರಲ್ಲಿ ಎರಡು ಜಾತಿ. ಒಂದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯೋದು, ಸಾಧು ಗಡ್ಡೆ. ಅದರಲ್ಲಿ ಚೂರು ಕತ್ತರಿಸಿ ನೋಡೋ ಹಾಗಿಲ್ಲ, ಸಿಪ್ಪೆ ಒಡೆದ್ರೆ ಮತ್ತೆ ಬರತ್ತೆ. ಇಡಿಯಾಗಿ ತೆಗೆದುಬಿಡ್ಬೇಕು. ಇನ್ನೊಂದು ಕೆಲವೇ ತಿಂಗಳಲ್ಲಿ ಬೆಳೆಯೋ ಕೆಟ್ಟದ್ದು. ಅದಕ್ಕೆ ಮೊದಲು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು, ಆಮೇಲೆ ಕಣ್ಣೇ ತೆಗೀಬೇಕಾಗಬಹುದು. ಸ್ಕ್ಯಾನ್ ನೋಡಿದ್ರೆ ಯಾವುದು ಅಂತ ಖಚಿತವಾಗಿ ಗೊತ್ತಾಗ್ತಿಲ್ಲ. ತಪ್ಪು ದಾರಿ ಹಿಡಿದ್ರೆ ಕಷ್ಟ. ಎಷ್ಟು ದಿನದಿಂದ ಹೀಗಿದೆ?”

“ನಾನು ನೋಡ್ಕೊಂಡಿಲ್ಲ.”

“ಮನೆಯವರು ಯಾರೂ ಹೇಳಲಿಲ್ವಾ?”

“ಮನೇಲಿ ಮನೆಯವರು ಅಂದ್ರೆ ನಾನೇ.”

ಡಾಕ್ಟರಮ್ಮ ನಗಲಿಲ್ಲ. “ಹಾಗಾದ್ರೆ ಹಳೇ ಫೋಟೋ ತನ್ನಿ. ಈಚಿನ ಏಳೆಂಟು ವರ್ಷದ್ದು ಬೇಕು. ಶುಕ್ರವಾರದೊಳಗೆ,” ಎಂದಳು.

ಫೋಟೋ ತರುವುದೇನು ಮಹಾ ಎಂದುಕೊಂಡು ಮನೆಗೆ ಬಂದು ಬೀರು ಬರಿದುಮಾಡಿದಳು. ಮದುವೆಯದೊಂದು, ಕೆಲಸಕ್ಕೆ ಸೇರುವಾಗ ಗುರುತಿನ ಚೀಟಿಗೆ ತೆಗೆಸಿದ್ದೊಂದು. ಅದರಾಚೆಗೆ ಹುಡುಕಿದರೂ ಒಂದಿಲ್ಲ. ಇಷ್ಟು ವರ್ಷ ಅವಳ ಮುಖ ಎಲ್ಲಿಗೆ ಹೋಗಿತ್ತೋ ಅವಳಿಗೇ ತಿಳಿಯದು. ಅದನ್ನು ನೆನೆದು ಅವಳಿಗೆ ಗಡ್ಡೆಗಿಂತ ಹೆಚ್ಚು ಭಯವಾಯಿತು.

ಮಾರನೆಯ ದಿನ ಅಣ್ಣನ ಮನೆಗೆ ಹೋದಳು. ಎರಡು ವರ್ಷದ ಹಿಂದೆ ಅಲ್ಲಿ ಸೊಸೆ ತಂದ ಸಂಭ್ರಮ, ಆಲ್ಬಮ್ಮುಗಳೇ ಮೂರು. ಅತ್ತಿಗೆ ಪುಟ ತಿರುಗಿಸಿದಳು, ಇವಳು ಬಗ್ಗಿ ಬಗ್ಗಿ ನೋಡಿದಳು. ಮೂರು ಆಲ್ಬಮ್ಮಿನಲ್ಲಿ ಮೂರು ಕಡೆ ಸಿಕ್ಕಳು. ಒಂದರಲ್ಲಿ ಬರೀ ಬೆನ್ನು. ಇನ್ನೊಂದರಲ್ಲಿ ಬಲಗಡೆಯ ಅರ್ಧ ಮುಖ, ಉಳಿದರ್ಧಕ್ಕೆ ಯಾರದೋ ಭುಜ ಅಡ್ಡ. ಮೂರನೆಯದರಲ್ಲಿ ಮುಖ ಪೂರ್ತಿ ಇತ್ತು, ಆದರೆ ಫೋಟೋದವನ ಗಮನವೆಲ್ಲ ಮುಂದೆ ಕೂತ ಮದುಮಕ್ಕಳ ಮೇಲಿದ್ದು ಹಿಂದಿನವರೆಲ್ಲ ಮಸುಕು ಮಸುಕು.

“ಇರೋ ಬರೋ ಕೆಲಸವೆಲ್ಲ ಮೈಮೇಲೆ ಹಾಕ್ಕೊಂಡು ಓಡಾಡ್ತಿದ್ದೆ. ನೀನು ಫೋಟೋಗೆ ಸಿಗೋದು ಹೇಗೆ?” ಅಂದಳು ಅತ್ತಿಗೆ.

“ಅತ್ತಿಗೆ, ಫೋಟೋ ಬಿಡಿ. ನೀವೇ ಜ್ಞಾಪಿಸಿಕೊಂಡು ಹೇಳಿ. ಮದುವೇಲಿ ನನ್ನ ಕಣ್ಣು ಹೀಗಿತ್ತಾ?”

ಅತ್ತಿಗೆ ಅವಳ ಮುಖ ನೋಡಿದಳು, ಆಮೇಲೆ ಅಣ್ಣನ ಮುಖ ನೋಡಿದಳು. ಅಣ್ಣ ಟೀವಿ ನೋಡಿದ.

“ಇದ್ದಿರಬಹುದು,” ಎಂದ.

ಇದ್ದಿರಬಹುದಂತೆ! ಒಡಹುಟ್ಟಿದವಳ ಕಣ್ಣು ಗೂಡಿನಿಂದ ಈಚೆ ಬರುತ್ತಿದ್ದರೂ ಇವನ ಕಣ್ಣಿಗೆ ಬಿದ್ದಿಲ್ಲ. ಕೆಟ್ಟವನೇನಲ್ಲ, ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ, ಊಟವಾಯಿತೇ ಎಂದು ಕೇಳುತ್ತಾನೆ. ಫೋನಿನಲ್ಲೂ ಅವಳು ಬರೀ ದನಿಯೇ ತಾನೆ. ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತಳು. ಪಕ್ಕದ ಸೀಟಿನವರು ಫೋನಿನಿಂದ ತಲೆ ಎತ್ತಲಿಲ್ಲ.

ನಿಲ್ದಾಣದಲ್ಲಿ ಇಳಿದಾಗ ಕನ್ನಡಕ ಒದ್ದೆಯಾಗಿ ಏನೂ ಕಾಣುತ್ತಿರಲಿಲ್ಲ. ಬಂದ ಹಾಗೇ ಅಂಗಡಿಗೆ ನುಗ್ಗಿ ಕನ್ನಡಕ ತೆಗೆದು ಕೊಟ್ಟಳು. ಯಜಮಾನ ಬಿಳಿ ಮೀಸೆಯವನು, ಅಳತೆಯಿಟ್ಟು ಮಾತಾಡುವ ಮನುಷ್ಯ. ತೊಳೆಯುತ್ತ ಕೇಳಿದ.

“ಯಾಕಮ್ಮಾ, ಈ ಸಲ ಎರಡೂ ಕಡೆ ಕೊಳೆಯಾಗಿದೆ?”

ಕೇಳಿದ್ದೇ ತಡ, ಎಲ್ಲ ಹೊರಗೆ ಬಂತು. ಗಡ್ಡೆ, ಎರಡು ಜಾತಿ, ಶುಕ್ರವಾರ, ಇಲ್ಲದ ಫೋಟೋ. ಯಜಮಾನನ ಕೈ ಒರೆಸುವುದನ್ನು ನಿಲ್ಲಿಸಿತು. ಕೌಂಟರ್ ಕೆಳಗಿನ ಡಬ್ಬಿಯಿಂದ ಅವಳ ಹೆಸರಿನ ಕಾರ್ಡು ಹುಡುಕಿ ತೆಗೆದು ಅವಳ ಮುಂದಿಟ್ಟ.

“ಅದು ಕೊಳೆ ಅಲ್ಲಮ್ಮಾ. ನಿಮ್ಮ ಎಡಗಣ್ಣಿನ ರೆಪ್ಪೆ ಕೂದಲು ಗಾಜಿಗೆ ತಾಗ್ತಿತ್ತು. ಬಲಗಡೆ ತಾಗ್ತಿರಲಿಲ್ಲ. ಅದಕ್ಕೇ ನಾನು ಎಡಗಡೆ ಕಡ್ಡಿ ಬಗ್ಗಿಸಿ ಗಾಜನ್ನ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತರ್ತಾ ಬಂದೆ. ತಂದಾಗಲೆಲ್ಲ ಬರೆದಿಟ್ಟಿದ್ದೀನಿ, ಹೊಸ ಫ್ರೇಮು ಮಾಡುವಾಗ ಬೇಕಾಗತ್ತೆ ಅಂತ.”

ಕಾರ್ಡಿನಲ್ಲಿ ‘ಎಡ ರೆಪ್ಪೆ ತಾಗುತ್ತಿದೆ’ ಎಂದು ಮೊದಲು ಬರೆದದ್ದು ಆರು ವರ್ಷದ ಹಿಂದೆ.

“ಇಷ್ಟೆಲ್ಲ ಗೊತ್ತಿದ್ದು ಒಂದು ಮಾತು ಹೇಳಬಾರದಿತ್ತಾ ಯಜಮಾನ್ರೇ?”

ಮುದುಕ ತಲೆ ತಗ್ಗಿಸಿದ. “ನಿಮ್ಮ ಒಂದು ಕಣ್ಣು ಮುಂದಿದೆ ಅಂತ ಹೆಂಗಸರ ಎದುರು ನಿಂತು ಹೇಳೋದು ಹೇಗಮ್ಮಾ? ಎರಡೂ ಕಡೆ ಒಂದೇ ಸಮ ಇರೋ ಮುಖ ನಾನಂತೂ ನೋಡಿಲ್ಲ. ಹುಟ್ಟಿದ್ದೇ ಹಾಗೆ ಅಂದ್ಕೊಂಡೆ. ತಪ್ಪಾಯ್ತು.”

ಸಿಟ್ಟು ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಆದರೂ ಆ ಕಾರ್ಡನ್ನು ಮೇಲಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿದಳು. ಆರು ವರ್ಷ ಒಬ್ಬರು ತನ್ನ ಮುಖ ನೋಡಿದ್ದಾರೆ, ನೋಡಿ ನೆನಪಿಟ್ಟಿದ್ದಾರೆ ಎಂದು ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಶುಕ್ರವಾರ ಆ ಕಾರ್ಡನ್ನೂ ಮನೆಯಲ್ಲಿದ್ದ ನಾಲ್ಕು ಹಳೆಯ ಕನ್ನಡಕಗಳನ್ನೂ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅವುಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸಿದಳು. ಮೊದಲನೆಯದು ನೆಟ್ಟಗೆ ಕೂತಿತು. ಎರಡನೆಯದರ ಎಡ ಗಾಜು ಕೂದಲೆಳೆಯಷ್ಟು ಮುಂದೆ, ಮೂರನೆಯದರದು ಇನ್ನಷ್ಟು. ನಾಲ್ಕನೆಯದಂತೂ ಯಾರಾದರೂ ಕಂಡುಹಿಡಿಯುವಷ್ಟು ಸೊಟ್ಟ. ಡಾಕ್ಟರಮ್ಮ ಕಾರ್ಡಿನ ತಾರೀಖುಗಳ ಮೇಲೆ ಬೆರಳಾಡಿಸಿದಳು, ನೋವಿತ್ತೇ ಎಂದು ಮತ್ತೊಮ್ಮೆ ಕೇಳಿದಳು. ಇರಲಿಲ್ಲ.

“ಆರು ವರ್ಷದ್ದು. ಚೂರು ತೆಗೆಯೋದು ಬೇಡ, ಇಡಿಯಾಗಿ ತೆಗೀತೀನಿ,” ಎಂದಳು.

ಅಣ್ಣ ಬಂದು ಕಾಗದಕ್ಕೆ ಸಹಿ ಹಾಕಿದ. ಕಣ್ಣಿನ ಗೂಡಿನ ಹೊರ ಅಂಚಿನಲ್ಲಿ ಮೂಳೆಯ ತುಂಡೊಂದನ್ನು ಬಿಡಿಸಿ, ಸಿಪ್ಪೆ ಒಡೆಯದ ಹಾಗೆ ಗಡ್ಡೆ ಹೊರತೆಗೆದು, ಮೂಳೆಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದರು. ನೆಲ್ಲಿಕಾಯಿಯಷ್ಟಿತ್ತಂತೆ. ಅವಳಿಗೆ ಎಚ್ಚರವಾದಾಗ ಅಣ್ಣನಿಗೆ ಕೆಲಸವಿತ್ತು, ಹೊರಟ. ಪಕ್ಕದ ಮಂಚದ ಸುತ್ತ ಮೂರು ದಿನವೂ ಜನ, ಇವಳ ಮಂಚದ ಪಕ್ಕದ ಸ್ಟೂಲನ್ನೂ ಅವರೇ ಎಳೆದುಕೊಂಡರು. ವಾರದ ಮೇಲೆ ವರದಿ ಬಂತು: ಸಾಧು ಗಡ್ಡೆ. ಕಣ್ಣು ಉಳಿಯಿತು.

“ಗ್ರಂಥಿ ಗಡ್ಡೆ ಜೊತೆಗೇ ಹೋಯ್ತು. ಇನ್ಮೇಲೆ ಅತ್ತರೆ ಎಡಗಣ್ಣಲ್ಲಿ ನೀರು ಕಮ್ಮಿ. ಡ್ರಾಪ್ಸ್ ಮರೀಬೇಡಿ,” ಎಂದಳು ಡಾಕ್ಟರಮ್ಮ.

“ನನ್ನ ಅಳುವಿಗೆ ಒಂದು ಕಣ್ಣು ಸಾಕು ಬಿಡಿ.”

ಒಂದೂವರೆ ತಿಂಗಳ ನಂತರ ಕೆಲಸಕ್ಕೆ ಹೋದಳು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು. ಹಳೆಯ ಕಂಡಕ್ಟರೊಬ್ಬ ಎದುರಾದ.

“ರಜೆ ಹಾಕಿದ್ರಾ? ದಿನಾ ನಿಮ್ಮ ದನಿ ಕೇಳ್ತಾನೇ ಇದ್ದೆನಲ್ಲ ಮೈಕಮ್ಮ!”

ರಜೆಗೆ ಮುಂಚೆ ಕಂಟ್ರೋಲರ್ ಅವಳಿಂದ ಎಲ್ಲ ಬಸ್ಸುಗಳ ಪ್ರಕಟಣೆಯನ್ನೂ ರೆಕಾರ್ಡ್ ಮಾಡಿಸಿಕೊಂಡಿದ್ದ. ಅದನ್ನೇ ಹಾಕುತ್ತಿದ್ದರು. ಯಾವ ಪ್ರಯಾಣಿಕನಿಗೂ ಕೊರತೆಯಾಗಿರಲಿಲ್ಲ. ಅವಳು ಹೋಗಿ ಮೆಟ್ಟಿಲ ಕೆಳಗೆ ಕೂತಳು. ಪಟ್ಟಿಯ ಸಾಲುಗಳೆಲ್ಲ ಒಂದೊಂದಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು.

ಅಂಗಡಿಯ ಯಜಮಾನ ಹೊಸ ಕನ್ನಡಕ ಮಾಡಿಕೊಟ್ಟ. ಈ ಸಲ ಕಡ್ಡಿ ಬಗ್ಗಿಸಬೇಕಾಗಲಿಲ್ಲ. “ಇನ್ನು ನಿಮಗೆ ಈ ಅಂಗಡಿ ಕಡೆ ಬರೋ ಕಷ್ಟ ತಪ್ಪಿತಮ್ಮ,” ಎಂದು ಮನಸಾರೆ ಹೇಳಿದ. ಅವಳು ಹೂಂಗುಟ್ಟಿದಳು. ಹದಿನೈದು ದಿನ ಕಳೆಯಿತು, ಎಡ ಗಾಜು ಫಳಫಳ. ತಿಂಗಳು ಕಳೆಯಿತು, ಆಗಲೂ ಹಾಗೇ. ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ನಿಧಾನವಾಗುತ್ತಿತ್ತು, ಒಳಗೆ ಹೋಗಲು ನೆಪವಿರಲಿಲ್ಲ.

ಐದನೇ ವಾರದ ಒಂದು ಸಂಜೆ ಅಂಗಡಿಯ ಮೆಟ್ಟಿಲ ಬಳಿ ನಿಂತಳು. ಅತ್ತಿತ್ತ ನೋಡಿ, ಕನ್ನಡಕ ತೆಗೆದು, ಎಡಗಡೆಯ ಗಾಜಿಗೆ ಹೆಬ್ಬೆರಳು ಒತ್ತಿ ತಿಕ್ಕಿದಳು. ಮತ್ತೆ ಹಾಕಿಕೊಂಡು ಒಳಗೆ ಹೋದಳು.

“ಎಡಗಡೆ ಕೊಳೆಯಾಗಿದೆ ಯಜಮಾನ್ರೇ.”

ಯಜಮಾನ ಕನ್ನಡಕವನ್ನು ಬೆಳಕಿಗೆ ಹಿಡಿದ. ರೆಪ್ಪೆಯ ಜಿಡ್ಡು ಹೇಗಿರುತ್ತದೆ, ಹೆಬ್ಬೆರಳಿನ ಗುರುತು ಹೇಗಿರುತ್ತದೆ ಎಂದು ನಲವತ್ತು ವರ್ಷ ಗಾಜು ಒರೆಸಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ನಿಧಾನವಾಗಿ ತೊಳೆದು, ಒರೆಸಿ, ಅವಳ ಮುಖಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆಮೇಲೆ ಡಬ್ಬಿಯಿಂದ ಅವಳ ಕಾರ್ಡು ತೆಗೆದು, ಅವತ್ತಿನ ತಾರೀಖು ಹಾಕಿದ.

“ಎಡಗಡೆ ಇನ್ನೂ ಕೊಳೆಯಾಗತ್ತಮ್ಮ,” ಎಂದ ಬರೆಯುತ್ತ. “ಹದಿನೈದು ದಿನಕ್ಕೊಮ್ಮೆ ತಂದು ತೋರಿಸಿ.”