ಹೆಸರು ಹೇಳದ ಬಂದರು

ಮೊನ್ನೆ ಸಂತೆಕಟ್ಟೆಯ ಒಂದು ಅಂಗಡಿಯಲ್ಲಿ ಏಲಕ್ಕಿ ಹಾಕಿದ ಅರಬಿ ಕಾಫಿಯ ವಾಸನೆ ಬಂತು. ಕಾಲು ಅಲ್ಲೇ ನಿಂತಿತು... ಉದ್ಯಾವರದಲ್ಲಿ ನಮ್ಮ ಪಕ್ಕದ ಮನೆಯ ಕಾಕ ಅದನ್ನೇ ಕುಡಿಯುತ್ತಿದ್ದರು. ಕೊಲ್ಲಿಯಲ್ಲಿ ಲಾರಿ ಓಡಿಸಿ ಬಂದು ಜೀನಸಿನ ಅಂಗಡಿ ಇಟ್ಟಿದ್ದ ಬ್ಯಾರಿಯವರು. ಅರಬಿ ಭಾಷೆ ಚೆನ್ನಾಗಿ ಬರುತ್ತಿತ್ತು.

ಕೊಲ್ಲಿಯಲ್ಲಿ ಯುದ್ಧ ಶುರುವಾದಾಗ ನನ್ನ ತಮ್ಮ ಅಲ್ಲಿನ ಬಂದರಿನಲ್ಲಿ ಕ್ರೇನ್ ಕೆಲಸಕ್ಕಿದ್ದ. ನಾನು ಐದನೇ ಕ್ಲಾಸು ಓದಿದವಳು, ನನಗೆ ಟಿವಿ ಹೇಳಿದ್ದೇ ನಿಜ. ನಮ್ಮ ಕನ್ನಡ ಚಾನೆಲ್ಲಿನಲ್ಲಿ ಮೊದಲ ದಿನವೇ ಆ ಬಂದರು 'ಉಡೀಸ್' ಆಯಿತು. ಅಳುತ್ತಾ ಫೋನ್ ಮಾಡಿದೆ.

"ಉಡೀಸ್ ಆದವನು ಮೀನು ಸಾರು ಉಣ್ತಾ ಇದ್ದೇನೆ ಮಾರಾಯ್ತಿ. ಟಿವಿ ಬಂದ್ ಮಾಡು!" ಎಂದ. ರೂಮಿನವರೆಲ್ಲ ನಕ್ಕದ್ದು ಕೇಳಿಸಿತು. ಮುಖ ಬಿಸಿಯಾಯಿತು.

ಕಾಕ ಕೂಡ ನಕ್ಕರು. "ನಮ್ಮವರಿಗೆ ಪಟಾಕಿ ಬಿದ್ದರೂ ಉಡೀಸ್. ಅಲ್ಲಿಯ ಟಿವಿಯವರಿಗೆ ಬಾಂಬ್ ಬಿದ್ದರೂ ಆಕಾಶದಲ್ಲೇ ಹೊಡೆದದ್ದರ ಬರೀ ಚೂರು. ಇಬ್ಬರನ್ನೂ ಪೂರಾ ನಂಬಬೇಡ." ಆಮೇಲೆ ದಿನಾ ಮೊಬೈಲಿನಲ್ಲಿ ಅರಬಿ ಸುದ್ದಿ ಕೇಳಿ ನನಗೆ ಹೇಳುತ್ತಿದ್ದರು. ಬಂದರಿನಲ್ಲಿ ಚೂರು ಬಿದ್ದಿದೆ, ಬೆಂಕಿ ಆರಿದೆ, ಕೆಲಸ ನಡೆಯುತ್ತಿದೆ...

ಒಂದು ಬೆಳಿಗ್ಗೆ ಅಂಗಡಿ ಬಿಟ್ಟು ನಮ್ಮ ಅಂಗಳಕ್ಕೇ ಬಂದರು.

"ಇವತ್ತು ಬಂದರಿನ ಹೆಸರೇ ಎತ್ತುವುದಿಲ್ಲ ಅವರು. ಸುತ್ತಲಿನ ಊರೆಲ್ಲ ಹೇಳಿದರು, ಅದೊಂದು ಬಿಟ್ಟು."

"ಹಾಗಾದರೆ ಎಂತದೂ ಆಗಲಿಲ್ಲ ಅಲ್ವಾ ಕಾಕ?"

"ಆಗದಿದ್ದರೆ ಕೆಲಸ ನಡೀತಾ ಉಂಟು ಅಂತ ಹೇಳ್ತಿದ್ದರು. ಈಗಲೇ ಫೋನ್ ಮಾಡು. ಅಲ್ಲಿಂದ ದೂರ ಹೋಗಲಿ ಅವನು."

ಫೋನ್ ಕೈಯಲ್ಲೇ ಇತ್ತು. ಆ ನಗು ಕಿವಿಯಲ್ಲಿತ್ತು. ಮತ್ತೆ ನಗೆಪಾಟಲಾಗುವುದು ಬೇಡ, ಸಂಜೆ ಅವನೇ ಮಾಡುತ್ತಾನೆ ಎಂದು ಮೀನು ಕೊಯ್ಯಲು ಕುಳಿತೆ. ಕಾಕ ಬೇಲಿಯಾಚೆಯಿಂದ ಕೇಳಿದರು, "ಮಾಡಿದೆಯಾ?"

"ಮಾಡಿದೆ," ಎಂದೆ.

ಮಧ್ಯಾಹ್ನ ಬಾಂಬ್ ಬಿದ್ದದ್ದು ಕೆಲಸಗಾರರ ಕೋಣೆಗಳ ಮೇಲೆ. ಅರಬಿ ಚಾನೆಲ್ಲು ಅದನ್ನೂ ಚೂರು ಎಂದಿತಂತೆ. ನಮ್ಮ ಚಾನೆಲ್ಲು ತಮ್ಮನ ಫೋಟೊಕ್ಕೆ ಸಂಗೀತ ಹಾಕಿ ತೋರಿಸಿತು.

ಕಾಕ ಆಮೇಲೆ ಸುದ್ದಿ ಕೇಳುವುದನ್ನೇ ಬಿಟ್ಟರು. ನನ್ನನ್ನು ಕಂಡಾಗಲೆಲ್ಲ ತಲೆ ತಗ್ಗಿಸಿ, "ನಾನು ಹೇಳುವಾಗ ತಡವಾಗಿತ್ತು ಮಗಳೇ," ಎನ್ನುತ್ತಿದ್ದರು. ಒಮ್ಮೆ ನಿಜ ಬಾಯಿಯವರೆಗೆ ಬಂದಿತ್ತು... ನುಂಗಿಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲೂ ಅದೇ ಮಾತು ಆಡುತ್ತಿದ್ದರೆಂದು ಅವರ ಮಗಳು ಹೇಳುತ್ತಾಳೆ. ಅವಳಿಗೂ ನಾನಿನ್ನೂ ಹೇಳಿಲ್ಲ.

ಕಾಕ, ನಿಮ್ಮಿಂದ ತಡವಾಗಿರಲಿಲ್ಲ. ನಾನು ಫೋನೇ ಮಾಡಿರಲಿಲ್ಲ.