ನನ್ನ ಹಳೆಯ ಫೋನಿನ ಮೇಲೆ ನನಗಾದ ಹೊಟ್ಟೆಕಿಚ್ಚು

ನಮ್ಮ ಮನೆಯ ದೇವರ ಕೋಣೆಯ ಗೋಡೆಗೆ ಒರಗಿಕೊಂಡು, ಗಾಜು ಸೀಳುಬಿಟ್ಟ ಒಂದು ಫೋನು ದಿನಾ ಬೆಳಗ್ಗೆ ದೇವರನಾಮ ಹಾಡುತ್ತದೆ. ಅದಕ್ಕೆ ಸಿಮ್ ಇಲ್ಲ, ಕರೆ ಬರುವುದಿಲ್ಲ, ಊರಿನ ಉಸಾಬರಿ ಬೇಕಿಲ್ಲ. ಮಂಗಳಾರತಿ ಮುಗಿದ ಮೇಲೆ ಸುಮ್ಮನಾಗಿ, ಆಸ್ಥಾನ ವಿದ್ವಾಂಸರ ಗಾಂಭೀರ್ಯದಲ್ಲಿ ಮರುದಿನದವರೆಗೆ ಒರಗಿಯೇ ಇರುತ್ತದೆ. ಒಂದು ಕಾಲಕ್ಕೆ ಅದು ನನ್ನದು, ಆಮೇಲೆ ನನ್ನ ಹೆಂಡತಿ ವಿಮಲೆಯದು, ಈಗ ದೇವರದು. ನಮ್ಮಲ್ಲಿ ಫೋನುಗಳಿಗೂ ಒಂದು ಆಶ್ರಮಧರ್ಮವುಂಟು: ಹೊಸದು ಮೊದಲು ಯಜಮಾನನ ಜೇಬಿಗೆ, ಯಜಮಾನ ಬಿಟ್ಟದ್ದು ಯಜಮಾನಿಯ ಬ್ಯಾಗಿಗೆ, ಯಜಮಾನಿ ಬಿಟ್ಟದ್ದು ಭಗವಂತನ ಸನ್ನಿಧಿಗೆ. ಈ ಪದ್ಧತಿಯನ್ನು ಯಾರು ಹಾಕಿಕೊಟ್ಟರೋ ತಿಳಿಯದು. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಇಲ್ಲವೆಂದರೆ ನಿಮ್ಮ ಯಜಮಾನಿ ಗಟ್ಟಿಗಿತ್ತಿಯೆಂದು ತಿಳಿದು ದೂರದಿಂದಲೇ ನಮಸ್ಕರಿಸುತ್ತೇನೆ.

ಈ ಸಲ ಯಜಮಾನನ ಜೇಬಿಗೆ ಬಂದ ಫೋನು ಮಾತ್ರ ಬೇರೆ ಮಠದ್ದು. ಮೊಬೈಲು ಲೋಕದಲ್ಲಿ ಎರಡು ದೊಡ್ಡ ಮಠಗಳಿರುವುದು ನಿಮಗೆ ಗೊತ್ತಿರುವುದೇ. ಹೆಸರು ಹೇಳುವುದಿಲ್ಲ, ಒಂದು ಮಠವನ್ನು ಹೊಗಳಿ ಇನ್ನೊಂದರ ಶಿಷ್ಯರ ನಿಷ್ಠುರ ಕಟ್ಟಿಕೊಳ್ಳುವ ವಯಸ್ಸು ನನ್ನದಲ್ಲ. ಆಪರೇಟಿಂಗ್ ಸಿಸ್ಟಂ ಎನ್ನುವುದು ಆಯಾ ಮಠದ ಸಂಪ್ರದಾಯ; ಅಲ್ಲಿ ಬಲಗೈಯಲ್ಲಿ ಮಾಡುವುದನ್ನು ಇಲ್ಲಿ ಎಡಗೈಯಲ್ಲಿ ಮಾಡಬೇಕು, ಅಲ್ಲಿ ಮಡಿಯಾದದ್ದು ಇಲ್ಲಿ ಮೈಲಿಗೆ. ಸೇರಿದ ಮಠದಲ್ಲೇ ಕೊನೆಯವರೆಗೂ ಇದ್ದುಬಿಡುವ ಜಾತಿಯವನು ನಾನು. ಅಂಥವನು ಏಕೆ ಬದಲಾಯಿಸಿದೆ ಎಂದು ಪಾರ್ಕಿನ ಗೆಳೆಯರು ಕೇಳಿದಾಗ ಕ್ಯಾಮೆರಾ, ಬಾಳಿಕೆ, ಭದ್ರತೆ ಎಂದೆಲ್ಲ ಉಪನ್ಯಾಸ ಮಾಡಿದ್ದುಂಟು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನ್ನನ್ನು ಮಠ ಬಿಡಿಸಿದ್ದು ಷಡ್ಡಕನ ಮೇಲಿನ ಹೊಟ್ಟೆಕಿಚ್ಚು.

ಅಣ್ಣತಮ್ಮಂದಿರ ನಡುವೆ ಜಗಳಕ್ಕೆ ಆಸ್ತಿಯಾದರೂ ಇರುತ್ತದೆ, ಆಸ್ತಿ ಹಂಚಿಹೋದ ಮೇಲೆ ಜಗಳವೂ ಮುಗಿಯುತ್ತದೆ. ಷಡ್ಡಕರ ನಡುವೆ ಹಂಚಿಕೊಳ್ಳಲು ಏನೂ ಇಲ್ಲದ್ದರಿಂದ ಮುಗಿಯುವುದಕ್ಕೂ ಏನೂ ಇಲ್ಲ. ಅಕ್ಕತಂಗಿಯರನ್ನು ಮದುವೆಯಾದ ಒಂದೇ ತಪ್ಪಿಗೆ ಇಬ್ಬರು ಗಂಡಸರನ್ನು ಮಾವನ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಿಸಿ, ಆಯುಷ್ಯವಿಡೀ ಒಬ್ಬನನ್ನು ಇನ್ನೊಬ್ಬನ ಅಳತೆಗೋಲಾಗಿ ಬಳಸುತ್ತಾರೆ. ವಿಮಲೆಯ ತಂಗಿ ಪದ್ಮಳ ಗಂಡ ಮೂರ್ತಿ ನನಗೆ ಒದಗಿರುವ ಅಳತೆಗೋಲು. ಇರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ತಲೆಗೂದಲು ಇನ್ನೂ ಇದೆ, ಕಾರು ಹಿಂದಕ್ಕೆ ತೆಗೆಯುವಾಗ ಬೆವರುವುದಿಲ್ಲ, ಯಾರನ್ನೂ ನೋಯಿಸಿ ಮಾತಾಡುವುದಿಲ್ಲ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗಿರುವ ದೊಡ್ಡ ದೂರು ಅದೇ.

ಬನಶಂಕರಿಯ ಒಂದು ಛತ್ರದಲ್ಲಿ ನೆಂಟರ ಮಗುವಿನ ನಾಮಕರಣ. ಊಟವಾದ ಮೇಲೆ ಮೂರ್ತಿಯ ಸುತ್ತ ಒಂದು ಗುಂಪು ನೆರೆಯಿತು. ಅವನು ತೆಗೆದ ಫೋಟೋಗಳು ಅವನ ಫೋನಿನಿಂದ ಇತರರ ಫೋನುಗಳಿಗೆ ಗಾಳಿಯಲ್ಲಿ ಹಾರುತ್ತಿದ್ದವು. ಒಂದೇ ಮಠದವರು ಫೋನುಗಳನ್ನು ಹತ್ತಿರ ಹಿಡಿದರೆ ಸಾಕು, ಸಂಖ್ಯೆ ಬೇಡ, ಸಂದೇಶ ಬೇಡ. ನಾನೂ ಕೈ ಚಾಚಿದೆ. ಮೂರ್ತಿ ನನ್ನ ಫೋನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಭಾವ, ನಿಮಗೆ ಆಮೇಲೆ ಬೇರೆ ಥರ ಕಳಿಸ್ತೀನಿ. ನಿಮ್ಮದಕ್ಕೆ ಇದು ಬರಲ್ಲ," ಎಂದ.

ಅದರಲ್ಲಿ ಅಹಂಕಾರವಿರಲಿಲ್ಲ, ಅನುಕಂಪವಿತ್ತು. ಸಕ್ಕರೆ ಕಾಯಿಲೆಯವನ ಎಲೆಯನ್ನು ದಾಟಿಕೊಂಡು ಪಾಯಸದ ಪಾತ್ರೆ ಮುಂದಕ್ಕೆ ಹೋಗುವಾಗ ಬಡಿಸುವವರ ಮುಖದಲ್ಲಿರುತ್ತದಲ್ಲ, ಅಂಥದ್ದು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಎಲೆಯಡಿಕೆ ತಟ್ಟೆಗಾಗಿಯೇ ಚಾಚಿದ್ದವನ ಹಾಗೆ ಎರಡು ಎಲೆ ತೆಗೆದುಕೊಂಡೆ.

ಆ ವಾರವೇ ಜಯನಗರದ ಫೋರ್ತ್ ಬ್ಲಾಕಿನ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ, "ಆ ಕಡೆಯಿಂದ ಈ ಕಡೆಗೆ ಬರ್ತಿದೀರಾ ಅಂಕಲ್? ಮೊದಲು ಸ್ವಲ್ಪ ಕಷ್ಟ ಆಗತ್ತೆ. ಆಮೇಲೆ ವಾಪಸ್ ಹೋಗೋಕೆ ನಿಮಗೇ ಮನಸ್ಸು ಬರಲ್ಲ," ಎಂದು ಧೈರ್ಯ ಹೇಳಿದಳು. ನಮ್ಮ ಕಾಲದಲ್ಲಿ ಹೊಸ ಸೊಸೆಯಂದಿರಿಗೆ ಹೇಳುತ್ತಿದ್ದ ಮಾತು ಇದು. ಅರವತ್ತು ದಾಟಿದ ಗಂಡಸಿಗೂ ಅದನ್ನು ಕೇಳಿಸಿಕೊಳ್ಳುವ ಯೋಗ ಬಂತು.

ಮನೆಗೆ ತಂದು, ಊಟದ ಮೇಜಿನ ಮೇಲೆ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲಿದ್ದದ್ದು ಹೊಸದಕ್ಕೆ ಹರಿದುಹೋಗಬೇಕು, ಅಷ್ಟರಲ್ಲಿ ಯಾರೂ ಯಾವುದನ್ನೂ ಮುಟ್ಟಬಾರದು ಎಂದು ತೆರೆಯ ಮೇಲೆ ಅಪ್ಪಣೆಯಾಗಿತ್ತು. ವಿಮಲೆ ಹುರಳಿಕಾಯಿ ಬಿಡಿಸುತ್ತ ಎದುರು ಕೂತಳು.

"ರೀ, ಸಾರಿನಪುಡಿ ಅಳತೆ ನಿಮ್ಮ ಫೋನಲ್ಲೇ ಹಾಕಿಸಿದ್ದೆ. ಅದೂ ಹೋಗಿಬಿಡತ್ತಾ?"

"ಹೋಗಲ್ಲ. ಅದರ ನಕಲು ಇದಕ್ಕೆ ಬರತ್ತೆ, ಅಷ್ಟೆ."

"ಹಾಗಾದ್ರೆ ಎಲ್ಲಾ ಅದರಲ್ಲೂ ಇರತ್ತೆ, ಇದರಲ್ಲೂ ಇರತ್ತೆ. ಮತ್ತೆ ಇದನ್ನ ಯಾಕೆ ತಂದ್ರಿ?"

ಹುರಳಿಕಾಯಿ ಚೆನ್ನಾಗಿದೆ ಎಂದೆ.

ಹಳೆಯದನ್ನು ಪದ್ಧತಿಯಂತೆ ಅವಳಿಗೆ ಕೊಟ್ಟೆ. ಕೊಡುವ ಮುಂಚೆ ಒಳಗಿನದನ್ನೆಲ್ಲ ಅಳಿಸಿಬಿಡಬೇಕು ಎಂದು ಮೂರ್ತಿ ಫೋನಿನಲ್ಲಿ ತಿಳಿವಳಿಕೆ ಹೇಳಿದ. ಮೂರ್ತಿ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ನಾನು ಅಳಿಸಲಿಲ್ಲ. ಮನೆಯೊಳಗಿನ ವಸ್ತು ಮನೆಯೊಳಗೇ ಇರುತ್ತದೆ, ಗಂಡನ ಪಾತ್ರೆಯಲ್ಲಿ ಹೆಂಡತಿ ಅಡಿಗೆ ಮಾಡುವಾಗ ಹುಣಸೇಹಣ್ಣು ಹಾಕಿ ಉಜ್ಜಬೇಕೇ ಎಂದುಕೊಂಡು, ನನ್ನ ಸಿಮ್ ತೆಗೆದು ಅವಳದನ್ನು ಹಾಕಿ ಕೊಟ್ಟುಬಿಟ್ಟೆ.

ಹೊಸ ಮಠದ ದೀಕ್ಷೆ ಸುಲಭದ್ದಾಗಿರಲಿಲ್ಲ. ಹಳೆಯದರಲ್ಲಿ ತೆರೆಯ ಕೆಳಗೆ ಹಿಂದಕ್ಕೆ ಕರೆದೊಯ್ಯುವ ಒಂದು ಪುಟ್ಟ ಬಾಣವಿತ್ತು. ಎಂಥ ಕಾಡಿನೊಳಗೆ ಹೊಕ್ಕರೂ ಅದನ್ನು ಒತ್ತುತ್ತ ಒತ್ತುತ್ತ ಮನೆಬಾಗಿಲಿಗೆ ಬಂದುಬಿಡಬಹುದಾಗಿತ್ತು. ಇಲ್ಲಿ ಬಾಣವಿಲ್ಲ. ಬೆರಳನ್ನು ಹೇಗೋ ಸವರಿದರೆ ಹಿಂದಕ್ಕೆ, ಇನ್ನು ಹೇಗೋ ಸವರಿದರೆ ಹೊರಕ್ಕೆ. ಎಲ್ಲ ಗೊತ್ತಿದ್ದವರಿಗೆ ಮಾತ್ರ. ಅದಕ್ಕಿಂತ ದೊಡ್ಡ ನಷ್ಟವೆಂದರೆ ನನ್ನ ಮಾತು. ಹಳೆಯ ಫೋನು ಇಷ್ಟು ವರ್ಷ ನನ್ನ ಬರವಣಿಗೆಯನ್ನು ನೋಡಿ ನೋಡಿ, ಒಂದು ಪದ ಬರೆದರೆ ಮುಂದಿನದನ್ನು ತಾನೇ ಎತ್ತಿ ಕೊಡುತ್ತಿತ್ತು. 'ನನಗೆ' ಎಂದರೆ 'ತಿಳಿದ ಮಟ್ಟಿಗೆ' ಎನ್ನುತ್ತಿತ್ತು. 'ಆದರೂ' ಎಂದರೆ 'ಯೋಚಿಸಿ ನೋಡಿ' ಎನ್ನುತ್ತಿತ್ತು. ಒಳ್ಳೆಯ ಗುಮಾಸ್ತನ ಹಾಗೆ ಸಾಹೇಬರ ಮನಸ್ಸನ್ನು ಮೊದಲೇ ಬಲ್ಲದ್ದು. ಹೊಸದಕ್ಕೆ ನಾನು ಯಾರೆಂದೇ ಗೊತ್ತಿಲ್ಲ. ಪರಸ್ಥಳದವರೊಡನೆ ಮಾತಾಡುವಾಗಿನ ಹಾಗೆ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಬೇಕು.

ನಾನು ಹೀಗೆ ಅಕ್ಷರಾಭ್ಯಾಸದಲ್ಲಿರುವಾಗ ನಮ್ಮ ಮನೆಯ ಸೋಫಾದ ಇನ್ನೊಂದು ತುದಿಯಲ್ಲಿ ವಿಮಲೆ ಅರಳುತ್ತಿದ್ದಳು. ಹಿಂದೆ ಒಂದು ಸಾಲು ಬರೆಯಲು ಹೆಣಗುತ್ತಿದ್ದವಳು ಈಗ ತಂಗಿಗೆ ಪುಟಗಟ್ಟಲೆ ಬರೆಯತೊಡಗಿದಳು. ಒಂದು ದಿನ ಸ್ಪೀಕರಿನಲ್ಲಿ ಪದ್ಮಳ ದನಿ ಕೇಳಿಸಿತು: "ಏನಕ್ಕಾ ನೀನು, ಸಂಡಿಗೆಗೆ ಉಪ್ಪು ಎಷ್ಟು ಅಂತ ಕೇಳಿದ್ರೆ 'ನನಗೆ ತಿಳಿದ ಮಟ್ಟಿಗೆ' ಅಂತ ಶುರು ಮಾಡಿದೀಯ. ಥೇಟ್ ಭಾವನೇ ಬರೆದ ಹಾಗಿದೆ."

"ನಾನೆಲ್ಲಿ ಬರೆದೆ? ಅದೇ ಬರ್ಕೊಂಡು ಹೋಗತ್ತೆ. ನಾನು ಹೂಂ ಅಂತೀನಿ ಅಷ್ಟೆ."

"ಮದುವೆ ಆದಾಗಿನಿಂದ ಮಾಡಿರೋದೂ ಅದೇ ತಾನೆ?"

ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ನಕ್ಕರು. ನಾನು ಪೇಪರನ್ನು ಇನ್ನಷ್ಟು ಅಗಲವಾಗಿ ಬಿಡಿಸಿ ಹಿಡಿದೆ.

ಹೊಟ್ಟೆಕಿಚ್ಚಿನ ವಿಚಿತ್ರ ನೋಡಿ. ಅದು ಒಂದು ಕಡೆ ಆರಿತೆನ್ನುವಷ್ಟರಲ್ಲಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ. ಮುಂದಿನ ಸಮಾರಂಭದಲ್ಲಿ ಮೂರ್ತಿಯ ಫೋಟೋಗಳು ಹಾರಿಬಂದು ನನ್ನ ಫೋನಿಗೂ ಇಳಿದವು. ನೋಡಿದರೆ ಎಲ್ಲದರಲ್ಲೂ ಅವೇ ಮುಖಗಳು, ಅವೇ ಬಾಳೆಲೆಗಳು. ಇದಕ್ಕಾಗಿಯೇ ಇಷ್ಟು ಪಾಡುಪಟ್ಟೆನೇ ಎನ್ನಿಸಿತು. ಈಗ ನನ್ನನ್ನು ಸುಡುತ್ತಿದ್ದದ್ದು ವಿಮಲೆಯ ಕೈಯಲ್ಲಿದ್ದ ನನ್ನದೇ ಹಳೆಯ ಫೋನು. ನಾನು ಸಾಕಿದ ಗುಮಾಸ್ತ, ನನ್ನ ಪದಗಳನ್ನು ತೆಗೆದುಕೊಂಡು ನನ್ನ ಹೆಂಡತಿಗೆ ಊಳಿಗ ಮಾಡುತ್ತಿದ್ದ.

ಇದೂ ಪೂರ್ತಿ ನಿಜವಲ್ಲ. ನಿಜವಾಗಿ ಹೋದದ್ದು ನನ್ನ ಹುದ್ದೆ. ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಏಕೈಕ ಅಧಿಕಾರವೆಂದರೆ ವಿಮಲೆಯ ಫೋನಿನ ಸಂದೇಹ ನಿವಾರಣೆ. "ರೀ, ಇದು ಯಾಕೋ ಕಪ್ಪಾಗಿದೆ," "ರೀ, ಪದ್ಮ ಕಳಿಸಿದ್ದು ಎಲ್ಲಿ ಹೋಯ್ತು?" ಎಂದು ಅವಳು ನನ್ನ ಪಕ್ಕ ಬಂದು ಕೂರುವಳು, ಭುಜಕ್ಕೆ ಭುಜ ತಗಲುವುದು, ನಾನು ನಿಟ್ಟುಸಿರು ಬಿಟ್ಟು, ಬಿಡುವಿಲ್ಲದವನಂತೆ ನಟಿಸಿ, ಸರಿಮಾಡಿ ಕೊಡುವೆನು. ಈ ವಯಸ್ಸಿನಲ್ಲಿ ಗಂಡಹೆಂಡಿರು ಸುಮ್ಮಸುಮ್ಮನೆ ಹತ್ತಿರ ಕೂರಲು ನಮ್ಮಂಥ ಮನೆಗಳಲ್ಲಿ ಒಂದು ನೆಪ ಬೇಕು ಎಂಬುದು ನಿಮಗೂ ಗೊತ್ತು. ಹಳೆಯ ಫೋನು ಅವಳ ಕೈಸೇರಿದಂದಿನಿಂದ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ.

ಹೀಗಿರುವಾಗ ಒಂದು ದಿನ ಬಾಲ್ಕನಿಯ ದಾಸವಾಳದ ಫೋಟೋ ತೆಗೆದು, ಮೊಗ್ಗಿನ ಸುತ್ತ ಕೆಂಪು ಗೆರೆ ಎಳೆದು, ಮೇಲೆ 'ಮೊದಲ ಮೊಗ್ಗು' ಎಂದು ಬರೆದು ಎಲ್ಲರಿಗೂ ಕಳಿಸಿದಳು. ನನಗೇ ಬಾರದ ವಿದ್ಯೆ.

"ಇದನ್ನ ಯಾರು ಹೇಳ್ಕೊಟ್ರು?"

"ಯಾರೋ ಹೇಳ್ಕೊಟ್ರು ಬಿಡಿ. ಕಷ್ಟ ಏನಿಲ್ಲ."

ಆ 'ಯಾರೋ' ಮೂರ್ತಿಯಲ್ಲದೆ ಇನ್ನಾರು? ನನ್ನ ಕಣ್ಣಮುಂದೆ ಅವನ ತಾಳ್ಮೆಯ ಮುಖ, "ಇಲ್ಲಿ ಒತ್ತಿ ಅಕ್ಕ, ತುಂಬ ಸುಲಭ" ಎನ್ನುವ ಮೆದು ದನಿ. ಆ ರಾತ್ರಿಯ ಮಜ್ಜಿಗೆಯೂ ನನಗೆ ಹುಳಿಯಾಯಿತು.

ಮರುದಿನ ಬೆಳಗ್ಗೆ ಅವಳು ಸಂಡಿಗೆ ಒಣಹಾಕಲು ತಾರಸಿಗೆ ಹೋದಳು. ಫೋನು ಮೇಜಿನ ಮೇಲಿತ್ತು. ಹೆಬ್ಬೆರಳು ಇಟ್ಟೆ, ತೆರೆದುಕೊಂಡಿತು. ಪಾಪದ ಪ್ರಾಣಿ, ನನ್ನ ಬೆರಳನ್ನು ಅದು ಇನ್ನೂ ಮರೆತಿರಲಿಲ್ಲ. ಅವಳ ಸಂದೇಶಗಳನ್ನು ಓದುವುದು ಅನ್ಯಾಯ, ಅದನ್ನು ನಾನು ಮಾಡಲಾರೆ. ಆದರೆ ಖಾಲಿ ಪುಟವೊಂದರಲ್ಲಿ ನಾನೊಂದು ಪದ ಬರೆದು, ಮುಂದಿನ ಪದವನ್ನು ಫೋನು ತಾನಾಗಿಯೇ ಕೊಟ್ಟರೆ, ಅದನ್ನು ನೋಡುವುದು ಓದಿದ ಹಾಗಾಗುವುದಿಲ್ಲ ಎಂದು ಬಹಳ ವಿಚಾರ ಮಾಡಿ ನನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡೆ. 'ಮೂರ್ತಿ' ಎಂದು ಬರೆದೆ. ತಕ್ಷಣ 'ಶುಗರ್' ಎಂದಿತು. ಒತ್ತಿದೆ. 'ಎಷ್ಟಿದೆ' ಎಂದಿತು. ಇನ್ನೊಮ್ಮೆ ಒತ್ತಿದರೆ 'ಮೆಂತ್ಯ' ಎಂದಿತು. ಇಷ್ಟು ದಿನ ನಾನು ಅಸೂಯೆಪಟ್ಟದ್ದು ಮೆಂತ್ಯದ ನೀರು ಕುಡಿಯುವ ಒಬ್ಬ ಪಥ್ಯದ ಮನುಷ್ಯನ ಮೇಲೆ ಎಂದು ಅರಿವಾಗಿ ತುಸು ನಾಚಿಕೆಯಾಯಿತು. ತುಸು ಸಮಾಧಾನವೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆಸೆ ಕೇಳಬೇಕಲ್ಲ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳದೆ 'ಇವರು' ಎಂದೇ ಸಂಸಾರವೆಲ್ಲ ನಡೆಸುವವರು. 'ಇವರು' ಎಂದು ಬರೆದು ಕಾದೆ. ನನ್ನ ಕಾಲದಲ್ಲಾಗಿದ್ದರೆ ಅದು 'ನಮ್ಮ ಸ್ನೇಹಿತರು' ಎಂದೋ ಏನೋ ಹೇಳುತ್ತಿತ್ತು. ಈಗ 'ಪಾಪ' ಎಂದಿತು. ಒತ್ತಿದೆ. 'ಹೊಸದರಲ್ಲಿ' ಎಂದಿತು. ಹೀಗೆ ಒಂದೊಂದೇ ಪದವನ್ನು ಒತ್ತುತ್ತ ಹೋದಂತೆ, ಎಷ್ಟೋ ಸಲ ಬರೆದು ಬರೆದು ಸವೆದ ಕಾಲುದಾರಿಯೊಂದು ತೆರೆದುಕೊಂಡಿತು: 'ಇವರು ಪಾಪ ಹೊಸದರಲ್ಲಿ ಒದ್ದಾಡ್ತಾ ಇದಾರೆ ಕೇಳಿದ್ರೆ ಬೇಜಾರ್ ಮಾಡ್ಕೋತಾರೆ ನೀನೇ ಹೇಳ್ಕೊಡು ಪದ್ಮ.'

ನನ್ನ ಗುಮಾಸ್ತನ ಬಾಯಲ್ಲಿ ನನ್ನ ಪದ ಒಂದೂ ಉಳಿದಿರಲಿಲ್ಲ. ಇದೆಲ್ಲ ಅವಳದು. ನಾನು ಆ ಸಾಲನ್ನು ನೋಡುತ್ತ ಕೂತೆ. ಒಬ್ಬನ ಮೇಲೆ ಇನ್ನೊಬ್ಬರಿಗೆ ಹೊಟ್ಟೆಕಿಚ್ಚು ಬಂದರೆ ಅದು ಒಂದು ಬಗೆಯ ಗೌರವ, ಕನಿಕರ ಬಂದರೆ ಅವಮಾನ ಎಂದು ಛತ್ರದಲ್ಲಿ ಕೈ ಹಿಂದಕ್ಕೆಳೆದುಕೊಂಡ ದಿನ ನಂಬಿದ್ದವನು ನಾನು. ಅದೇ ಕನಿಕರ ಮನೆಯೊಳಗೆ, ನನಗೆ ಗೊತ್ತೇ ಆಗದ ಹಾಗೆ, ಇಷ್ಟು ದಿನ ನನ್ನ ಮುಖ ಉಳಿಸುತ್ತ ಬಂದಿತ್ತು. ತಿಳಿಯದ್ದನ್ನು ನನ್ನ ಹತ್ತಿರ ಕೇಳಿದರೆ ನನಗೂ ತಿಳಿಯದೆಂದು ಬಯಲಾಗುತ್ತದಲ್ಲ ಎಂದು ಅವಳು ಕೇಳದೇ ಇದ್ದಳು. ನಾನು ಕಳೆದುಹೋಯಿತೆಂದು ಕೊರಗಿದ ಹುದ್ದೆಯನ್ನು ಅವಳು ಖಾಲಿಯಾಗಿಯೇ ಕಾಪಾಡಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಆ ಸಾಲನ್ನು ಅಳಿಸಿದೆ.

"ನನ್ನ ಫೋನಲ್ಲಿ ಏನ್ ಹುಡುಕ್ತಿದೀರಿ?"

ಬಾಯಿಗೆ ಬಂದದ್ದು ಗ್ಯಾಸ್ ಏಜೆನ್ಸಿಯ ನಂಬರು ಎಂಬ ಸುಳ್ಳು. ಅದನ್ನು ನುಂಗಿಕೊಂಡು, ಜೇಬಿನಿಂದ ನನ್ನದನ್ನು ತೆಗೆದೆ. "ಇದರಲ್ಲಿ ಅಕ್ಷರ ದೊಡ್ಡದು ಮಾಡೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಬಂದಾಗಿನಿಂದ ಕಣ್ಣು ಕಿರಿದು ಮಾಡ್ಕೊಂಡೇ ಓದ್ತಿದೀನಿ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು. "ನಿಮಗೆ ಗೊತ್ತಾಗ್ತಿಲ್ಲ?"

"ಗೊತ್ತಾಗ್ತಿಲ್ಲ."

"ಸ್ವಲ್ಪ ಆ ಕಡೆ ಸರೀರಿ."

ಅವಳಿಗೂ ಅದು ಹೊಸ ಮಠವೇ. ಎಲ್ಲೆಲ್ಲೋ ಹೊಕ್ಕಳು, ಟಾರ್ಚು ಹತ್ತಿಸಿದಳು, ನಮ್ಮಿಬ್ಬರ ಮೊಣಕಾಲುಗಳ ಒಂದು ಫೋಟೋ ತೆಗೆದಳು, "ಇದೆಂಥ ಫೋನೋ" ಎಂದು ಬೈದಳು. ಅವಳ ಸೀರೆಗೆ ಅಕ್ಕಿಹಿಟ್ಟಿನ ವಾಸನೆ ಹತ್ತಿತ್ತು. ಕೊನೆಗೆ ಯಾವುದೋ ಗೆರೆಯನ್ನು ಬಲಕ್ಕೆ ಎಳೆದದ್ದೇ ತಡ, ತೆರೆಯ ಮೇಲಿನ ಅಕ್ಷರಗಳೆಲ್ಲ ಅಂಗಡಿ ಬೋರ್ಡಿನಂತೆ ಬೆಳೆದು ನಿಂತವು.

"ಬಂತು ನೋಡಿ," ಎಂದಳು. ನಿಟ್ಟುಸಿರು ಬಿಟ್ಟು, ಬಿಡುವಿಲ್ಲದವಳಂತೆ ಮುಖ ಮಾಡಿಕೊಂಡು, ಗೆರೆಯನ್ನು ಮತ್ತೆ ಎಡಕ್ಕೆ ತಳ್ಳಿ ಫೋನನ್ನು ನನ್ನ ಕೈಗಿಟ್ಟಳು. "ಈಗ ನೀವೇ ಮಾಡಿ, ನೋಡ್ತೀನಿ."

ಎಲ್ಲಿ ಒತ್ತಬೇಕೆಂದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಬೇರೆ ಕಡೆ ಒತ್ತಿದೆ.

"ಅಲ್ಲಲ್ಲ ರೀ, ಕೊಡಿ ಇಲ್ಲಿ," ಎನ್ನುತ್ತ ಅವಳು ಇನ್ನಷ್ಟು ಹತ್ತಿರ ಸರಿದಳು.